ಲೋಜ್ಬಾನಿನ ‘ಲೊ’, ‘ಲೆ’, ‘ಲ’: ಇಂಗ್ಲಿಷಿನ ‘ದಿ’ ಬಿಟ್ಟು ಕನ್ನಡದ ದಾರಿಯಲ್ಲೇ ತಿಳಿಯಬಹುದೇ?

ಅಡ್ಡರಸ್ತೆ, ಮಲ್ಲೇಶ್ವರ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ಲೋಜ್ಬಾನ್ ಎಂಬ ಕೃತಕ ಭಾಷೆಯನ್ನು ಕಲಿಯುತ್ತಿದ್ದೇನೆ. ವಾಕ್ಯರಚನೆ ತಕ್ಕಮಟ್ಟಿಗೆ ಹಿಡಿತಕ್ಕೆ ಬಂದಿದೆ. ಆದರೆ ಪದದ ಮೊದಲು ಬರುವ ‘ಲೊ’, ‘ಲೆ’, ‘ಲ’ ಎಂಬ ಪುಟ್ಟ ಪದಗಳ ಹತ್ತಿರ ಬಂದಾಗಲೆಲ್ಲ ನಿಂತುಬಿಡುತ್ತೇನೆ. ಲೋಜ್ಬಾನಿನಲ್ಲಿ ಇವುಗಳಿಗೆ ‘ಗದ್ರಿ’ ಎನ್ನುತ್ತಾರೆ. ಹಳೆಯ ಪಾಠಗಳು ‘ಲೊ’ ಎಂದರೆ ಇಂಗ್ಲಿಷಿನ ‘ಎ’, ‘ಲೆ’ ಎಂದರೆ ‘ದಿ’ ಎಂದು ಹೇಳಿ ಮುಂದೆ ಹೋಗುತ್ತವೆ. ಹೊಸ ಪಾಠಗಳಲ್ಲಿ ‘ದಿ’ ಇರಬೇಕಾದ ಕಡೆಯಲ್ಲೂ ‘ಲೊ’ ಕಾಣಿಸುತ್ತದೆ. ಕನ್ನಡದಲ್ಲಿ ಇಂಥ ಪದಗಳೇ ಇಲ್ಲ. ಹೀಗಿರುವಾಗ ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಲೋಜ್ಬಾನಿಗೆ ಬರುವುದು ಏಕೆ? ನೇರ ದಾರಿ ಇದೆಯೇ?

ಲಿಪಿಯ ಬಗ್ಗೆ ಒಂದು ಮಾತು. ಇಲ್ಲಿ ಲೋಜ್ಬಾನ್ ಪದಗಳನ್ನು ಕನ್ನಡ ಅಕ್ಷರಗಳಲ್ಲೇ ಬರೆಯೋಣ. ನಮ್ಮ ಹ್ರಸ್ವ ಎಕಾರ, ಒಕಾರಗಳು ಆ ಭಾಷೆಗೆ ಚೆನ್ನಾಗಿ ಹೊಂದುತ್ತವೆ. ರೋಮನ್ ಬರಹದಲ್ಲಿ ಅಪಾಸ್ಟ್ರಫಿ ಬಂದ ಕಡೆ ‘ಹ’ಕಾರ ಹಾಕಿದರೆ ಸಾಕು.

ತರ್ಕಪ್ರಿಯೆ, ಜಯನಗರ

ನೇರ ದಾರಿ ಖಂಡಿತ ಇದೆ, ಮತ್ತು ಅದೇ ಒಳ್ಳೆಯ ದಾರಿ. ‘ಎ’ ಮತ್ತು ‘ದಿ’ಗಳನ್ನು ಪೂರ್ತಿ ಪಕ್ಕಕ್ಕಿಡಿ.

ಲೋಜ್ಬಾನಿನ ಬೇರು ಇರುವುದು ತರ್ಕಶಾಸ್ತ್ರದಲ್ಲಿ. ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಲೋಗ್ಲಾನ್ ಎಂಬ ಭಾಷೆಯ ಕೆಲಸ ಶುರುಮಾಡಿದರು. ಅದರಿಂದ ಬೇರೆಯಾಗಿ, ಯಾರ ಹಕ್ಕಿಗೂ ಒಳಪಡದ ಭಾಷೆಯೊಂದನ್ನು ಕಟ್ಟಲು 1987ರಲ್ಲಿ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ ಹುಟ್ಟಿತು. ಸುಮಾರು 1,350 ಮೂಲಪದಗಳ ಧ್ವನಿಗಳನ್ನು ಚೀನಿ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬಿ ಎಂಬ ಆರು ಭಾಷೆಗಳಿಂದ ಹೆಣೆದರು. ವ್ಯಾಕರಣವನ್ನು ಮಾತ್ರ ಈ ಯಾವ ಭಾಷೆಯಿಂದಲೂ ತೆಗೆದುಕೊಳ್ಳಲಿಲ್ಲ.

ಆ ವ್ಯಾಕರಣದಲ್ಲಿ ನಾಮಪದ, ಕ್ರಿಯಾಪದ, ವಿಶೇಷಣ ಎಂಬ ಭೇದವಿಲ್ಲ. ಎಲ್ಲ ಮೂಲಪದಗಳೂ ಹೇಳಿಕೆಗಳೇ. ‘ಮ್ಲತು’ ಎಂಬ ಪದಕ್ಕೆ ಬೆಕ್ಕು ಎಂದು ಅರ್ಥ ಕೊಟ್ಟಿರುತ್ತಾರೆ. ಸರಿಯಾದ ಅರ್ಥ ‘ಬೆಕ್ಕಾಗಿದೆ’. ‘ಶಿತ್ಕ’ ಎಂದರೆ ‘ತಿನ್ನುತ್ತದೆ’. ಎರಡೂ ವ್ಯಾಕರಣದ ದೃಷ್ಟಿಯಲ್ಲಿ ಒಂದೇ ಜಾತಿ. ‘ಮ್ಲತು’ ಎಂದಷ್ಟೇ ಹೇಳಿ ಸುಮ್ಮನಾದರೆ ಅದೇ ಒಂದು ಪೂರ್ಣ ವಾಕ್ಯ: ಏನೋ ಒಂದು ಬೆಕ್ಕಾಗಿದೆ.

ಹಾಗಾದರೆ ಬೆಕ್ಕಿನ ಬಗ್ಗೆ ಮಾತಾಡುವುದು ಹೇಗೆ? ಹೇಳಿಕೆಯನ್ನು ವಸ್ತುವಾಗಿ ತಿರುಗಿಸಬೇಕು. ಗದ್ರಿಯ ಮೊದಲ ಕೆಲಸ ಇದು. ‘ಲೊ ಮ್ಲತು’ ಎಂದರೆ ಬೆಕ್ಕಾಗಿರುವಂಥದ್ದು, ‘ಲೊ ಶಿತ್ಕ’ ಎಂದರೆ ತಿನ್ನುವಂಥದ್ದು. ನಿಶ್ಚಿತ, ಅನಿಶ್ಚಿತ ಎಂಬ ಪ್ರಶ್ನೆ ಆಮೇಲೆ ಬರುವಂಥದ್ದು. ಇಂಗ್ಲಿಷಿನಿಂದ ಹೊರಟವರು ಆ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತಾರೆ. ಗೊಂದಲ ಹುಟ್ಟುವುದು ಅಲ್ಲೇ.

ಹಳೇಪೇಟೆ, ಚಿಕ್ಕಪೇಟೆ

ನಾನು ಲೋಜ್ಬಾನ್ ಕಲಿತವನಲ್ಲ, ಶಾಲೆಯಲ್ಲಿ ಕನ್ನಡ ವ್ಯಾಕರಣ ಪಾಠ ಮಾಡಿದವನು. ಆದರೆ ನೀವು ಹೇಳುತ್ತಿರುವುದು ನನಗೆ ತೀರ ಪರಿಚಿತ. ಓಡು ಎಂಬ ಧಾತುವಿನಿಂದ ‘ಓಡುವ’, ಅದಕ್ಕೆ ಸರ್ವನಾಮದ ಪ್ರತ್ಯಯ ಸೇರಿ ‘ಓಡುವವನು’, ‘ಓಡುವುದು’, ‘ಓಡಿದವರು’. ಕ್ರಿಯೆಯನ್ನು ವಸ್ತುವನ್ನಾಗಿ ಮಾಡುವುದು ಇಲ್ಲಿ ಆ ಕೊನೆಯ ಪ್ರತ್ಯಯ. ಹಾಗಾದರೆ ಲೋಜ್ಬಾನಿನ ಗದ್ರಿ ಎಂದರೆ ಪದದ ಕೊನೆಯಿಂದ ಮುಂಭಾಗಕ್ಕೆ ಬಂದು ಕುಳಿತ ‘-ದು’, ‘-ವನು’, ‘-ವರು’ ಎನ್ನಬಹುದೇ?

ಒಂದು ತೊಡಕು ಮಾತ್ರ ಕಾಣುತ್ತಿದೆ. ಕನ್ನಡದಲ್ಲಿ ‘ತಿಂದದ್ದು’ ಎಂದರೆ ಮೂರು ಅರ್ಥ ಬರಬಹುದು. ‘ನಾಯಿ ತಿಂದದ್ದು ನನ್ನ ಊಟ’ ಎಂದರೆ ತಿಂದ ವಸ್ತು. ‘ನಾಯಿ ತಿಂದದ್ದು ನಾನು ನೋಡಲಿಲ್ಲ’ ಎಂದರೆ ತಿಂದ ಘಟನೆ. ‘ಅನ್ನ ತಿಂದದ್ದು ಈ ನಾಯಿ’ ಎಂದರೆ ತಿಂದ ಪ್ರಾಣಿ. ಲೋಜ್ಬಾನ್ ಇದನ್ನು ಹೇಗೆ ಬಿಡಿಸುತ್ತದೆ?

ತರ್ಕಪ್ರಿಯೆ, ಜಯನಗರ

ಎನ್ನಬಹುದು. ಇಷ್ಟು ಚೆನ್ನಾದ ವಿವರಣೆಯನ್ನು ನಾನು ಯಾವ ಪಾಠದಲ್ಲೂ ಕಂಡಿಲ್ಲ.

ನಿಮ್ಮ ಮೂರು ಅರ್ಥಗಳಿಗೆ ಲೋಜ್ಬಾನಿನಲ್ಲಿ ಮೂರು ಬೇರೆ ರೂಪಗಳಿವೆ. ಪ್ರತಿ ಮೂಲಪದಕ್ಕೂ ಗೊತ್ತುಪಡಿಸಿದ ಸ್ಥಾನಗಳಿರುತ್ತವೆ. ‘ಶಿತ್ಕ’ ಪದದ ಮೊದಲ ಸ್ಥಾನ ತಿನ್ನುವವರಿಗೆ, ಎರಡನೆಯದು ತಿನ್ನುವ ವಸ್ತುವಿಗೆ. ಗದ್ರಿ ಯಾವಾಗಲೂ ಮೊದಲ ಸ್ಥಾನದಲ್ಲಿರುವುದನ್ನೇ ಎತ್ತಿಕೊಳ್ಳುತ್ತದೆ. ಆದ್ದರಿಂದ ‘ಲೊ ಶಿತ್ಕ’ ತಿಂದ ಪ್ರಾಣಿ. ನಡುವೆ ‘ಸೆ’ ಸೇರಿಸಿದರೆ ಮೊದಲ ಮತ್ತು ಎರಡನೆಯ ಸ್ಥಾನಗಳು ಅದಲುಬದಲಾಗಿ, ‘ಲೊ ಸೆ ಶಿತ್ಕ’ ತಿಂದ ವಸ್ತುವಾಗುತ್ತದೆ. ‘ನು’ ಸೇರಿಸಿದರೆ, ‘ಲೊ ನು ಶಿತ್ಕ’, ಅದು ತಿನ್ನುವ ಘಟನೆ. ನೀವು ತರಗತಿಯಲ್ಲಿ ಹೇಳಿಕೊಟ್ಟಿರುವ ಕೃದಂತ ಭಾವನಾಮಕ್ಕೆ, ಅಂದರೆ ತಿನ್ನುವಿಕೆ, ನೋಟ, ಓಟ ಇವುಗಳಿಗೆ ಬಹಳ ಹತ್ತಿರ.

ಐದು ಸ್ಥಾನಗಳಿರುವ ‘ಕ್ಲಮ’ ಪದವನ್ನು ನೋಡಿದರೆ ಇದರ ಶಕ್ತಿ ಗೊತ್ತಾಗುತ್ತದೆ. ಹೋಗುವವರು, ತಲುಪುವ ಜಾಗ, ಹೊರಟ ಜಾಗ, ದಾರಿ, ವಾಹನ: ಇವು ಅದರ ಸ್ಥಾನಗಳು. ‘ಲೊ ಕ್ಲಮ’ ಪ್ರಯಾಣಿಕ. ‘ಲೊ ಸೆ ಕ್ಲಮ’ ತಲುಪುವ ಊರು. ‘ಲೊ ತೆ ಕ್ಲಮ’ ಹೊರಟ ಊರು. ‘ಲೊ ವೆ ಕ್ಲಮ’ ದಾರಿ. ‘ಲೊ ಖೆ ಕ್ಲಮ’ ವಾಹನ. ಮೈಸೂರಿಗೆ ಹೊರಟಿರುವ ಬಸ್ಸನ್ನೂ, ಅದರಲ್ಲಿ ಕುಳಿತವರನ್ನೂ, ಅದು ಸಾಗುವ ಹೆದ್ದಾರಿಯನ್ನೂ ಒಂದೇ ಪದದಿಂದ ಹೆಸರಿಸಬಹುದು.

ಕೆಂಗೇರಿಯಿಂದ

ಇಲ್ಲಿಯವರೆಗೆ ಅರ್ಥವಾಯಿತು. ಆದರೆ ವಸ್ತುವನ್ನಾಗಿ ಮಾಡುವುದೇ ಕೆಲಸವಾದರೆ ಒಂದೇ ಗದ್ರಿ ಸಾಕಿತ್ತಲ್ಲ? ‘ಲೆ’ ಬೇರೆ ಯಾಕೆ ಬೇಕು?

ತರ್ಕಪ್ರಿಯೆ, ಜಯನಗರ

ವಸ್ತುವನ್ನು ಗುರುತಿಸುವ ಹೊಣೆ ಯಾರದು ಎಂಬುದರಲ್ಲಿ ವ್ಯತ್ಯಾಸವಿದೆ.

‘ಲೊ ಮ್ಲತು’ ಎಂದಾಗ ಆ ವಸ್ತು ನಿಜಕ್ಕೂ ಬೆಕ್ಕಾಗಿರಬೇಕು. ಈಗಿನ ಅಧಿಕೃತ ವಿವರಣೆ ‘ಲೊ’ವನ್ನು ಬಿಡಿಸುವುದೇ ಹೀಗೆ: ‘ಯಾವುದೋ ಒಂದು, ಮತ್ತು ಅದು ಬೆಕ್ಕು’. ‘ಲೆ ಮ್ಲತು’ವಿನ ವಿವರಣೆ ಬೇರೆ: ‘ಯಾವುದೋ ಒಂದು, ಅದನ್ನು ನಾನು ನಿನಗೆ ಬೆಕ್ಕು ಎಂದು ಬಣ್ಣಿಸುತ್ತಿದ್ದೇನೆ’. ಎರಡನೆಯದರಲ್ಲಿ ಬೆಕ್ಕು ಎಂಬುದು ನಾನು ಬಳಸುತ್ತಿರುವ ಗುರುತು ಮಾತ್ರ. ಮನಸ್ಸಿನಲ್ಲಿ ಒಂದು ನಿರ್ದಿಷ್ಟ ವಸ್ತು ಇದೆ, ಅದರತ್ತ ನಿಮ್ಮ ಗಮನ ತಿರುಗಿಸಲು ಈ ಪದ ಸಾಕು. ಜಾನ್ ಕೋವನ್ 1997ರಲ್ಲಿ ಬರೆದ ಆಕರ ವ್ಯಾಕರಣದಲ್ಲಿ ಇದಕ್ಕೆ ‘ಲೆ ನನ್ಮು ಶು ನಿನ್ಮು’ ಎಂಬ ಉದಾಹರಣೆಯಿದೆ. ಅಂದರೆ, ನಾನು ಗಂಡಸು ಎಂದು ಬಣ್ಣಿಸುತ್ತಿರುವ ವ್ಯಕ್ತಿ ಹೆಂಗಸು (ನಡುವಿನ ‘ಶು’ ಇಲ್ಲಿಂದ ಮುಂದೆ ಹೇಳಿಕೆ ಎಂಬ ಗುರುತು). ‘ಲೆ’ ಇರುವುದರಿಂದ ಇದರಲ್ಲಿ ವಿರೋಧಾಭಾಸವಿಲ್ಲ. ಅಲ್ಲಿ ‘ಲೊ’ ಹಾಕಿದರೆ ವಾಕ್ಯ ನಿಲ್ಲುವುದಿಲ್ಲ.

ಹಳೇಪೇಟೆ, ಚಿಕ್ಕಪೇಟೆ

ನಮ್ಮ ಊರಲ್ಲೇ ಇದಕ್ಕೆ ಉದಾಹರಣೆಯಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ನಮ್ಮ ಮನೆಯ ಹಿರಿಯರು ಬಸ್ ನಿಲ್ದಾಣಕ್ಕೆ ಹೋಗುವಾಗಲೂ ‘ಕೆರೆ ಹತ್ತಿರ ಹೋಗಿ ಬರುತ್ತೇನೆ’ ಎನ್ನುತ್ತಿದ್ದರು. ಅಲ್ಲಿ ಒಂದು ಹನಿ ನೀರಿಲ್ಲ ಎಂದು ಅವರಿಗೂ ಗೊತ್ತು, ಕೇಳುವ ನಮಗೂ ಗೊತ್ತು. ಆದರೂ ಯಾವ ಜಾಗ ಎಂಬುದರಲ್ಲಿ ಯಾರಿಗೂ ಸಂಶಯ ಬರುತ್ತಿರಲಿಲ್ಲ. ಆ ‘ಕೆರೆ’ಗೆ ‘ಲೆ’ ಹಾಕಬೇಕು, ಅಲ್ಲವೇ?

ತರ್ಕಪ್ರಿಯೆ, ಜಯನಗರ

ಹೌದು. ಕೆರೆ, ಸರೋವರಕ್ಕೆ ‘ಲಲ್ಖು’, ನಿಲ್ದಾಣಕ್ಕೆ ‘ತ್ಶನ’ ಎಂಬ ಪದಗಳಿವೆ. ‘ಲೆ ಲಲ್ಖು ಶು ತ್ಶನ’, ನಾನು ಕೆರೆ ಎನ್ನುತ್ತಿರುವುದು ಈಗ ನಿಲ್ದಾಣ, ಎಂಬ ಮಾತು ಲೋಜ್ಬಾನಿನಲ್ಲಿ ಸರಿಯಾಗಿ ಕೂರುತ್ತದೆ. ‘ಲೊ ಲಲ್ಖು’ ಎಂದರೆ ಮಾತ್ರ ನೀರಿರುವ ನಿಜವಾದ ಕೆರೆಯೇ ಬೇಕು. ಆಗ ಹಲಸೂರು ಕೆರೆಗೋ ಸ್ಯಾಂಕಿ ಕೆರೆಗೋ ಹೋಗಬೇಕಾಗುತ್ತದೆ.

ಸಂಪಿಗೆಮರ, ರಾಜಾಜಿನಗರ

ಭಾಷಾವಿಜ್ಞಾನದ ವಿದ್ಯಾರ್ಥಿನಿಯಾಗಿ ಇಲ್ಲಿ ಒಂದು ಗೆರೆ ಎಳೆಯಬೇಕು ಅನ್ನಿಸುತ್ತಿದೆ. ಹಿರಿಯರ ಕೆರೆಯ ಉದಾಹರಣೆ ತುಂಬ ಚೆನ್ನಾಗಿದೆ. ಆದರೆ ಅದರಿಂದ ‘ಲೆ’ ಬಳಸಲು ಕೇಳುಗರಿಗೂ ಆ ವಸ್ತು ಗೊತ್ತಿರಬೇಕು ಎಂದುಕೊಳ್ಳಬೇಡಿ. ಇಂಗ್ಲಿಷಿನ ‘ದಿ’ ಕೇಳುಗರ ತಿಳಿವಳಿಕೆಯನ್ನು ನೆಚ್ಚಿಕೊಂಡಿದೆ. ‘ಲೆ’ ನೆಚ್ಚಿಕೊಂಡಿರುವುದು ಮಾತಾಡುವವರ ಮನಸ್ಸನ್ನು. ‘ಲಾಲ್‌ಬಾಗ್ ಹತ್ತಿರ ನಾಯಿಯೊಂದು ನನ್ನ ಹಿಂದೆ ಬಂತು’ ಎಂದು ಕಥೆ ಶುರುಮಾಡುವಾಗ ನಿಮಗೆ ಆ ನಾಯಿಯ ಗಂಧಗಾಳಿ ಇರುವುದಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅದು ಒಂದು ನಿರ್ದಿಷ್ಟ ನಾಯಿ. ಲೋಜ್ಬಾನಿನಲ್ಲಿ ಆ ಮೊದಲ ವಾಕ್ಯದಲ್ಲೇ ‘ಲೆ ಗೆರ್ಕು’ ಎನ್ನಬಹುದು. ಇಂಗ್ಲಿಷಿನಲ್ಲಿ ಅಲ್ಲಿ ‘ದಿ’ ಬರುವುದಿಲ್ಲ.

ಇನ್ನು ಅಡ್ಡರಸ್ತೆಯವರ ಮೂಲ ಪ್ರಶ್ನೆ, ಹಳೆಯ ಪಾಠಕ್ಕೂ ಹೊಸ ಪಾಠಕ್ಕೂ ಹೊಂದಿಕೆಯಾಗದಿರುವುದು. ನಡುವೆ ನಿಯಮವೇ ಬದಲಾಯಿತು. 1997ರ ವ್ಯಾಕರಣದ ಪ್ರಕಾರ ಬರೀ ‘ಲೊ’ ಎಂದರೂ ಅದರೊಳಗೆ ‘ಕಡೇಪಕ್ಷ ಒಂದು’ ಎಂಬ ಪರಿಮಾಣ ಅಡಗಿರುತ್ತಿತ್ತು. ‘ಲೆ’ಯೊಳಗೆ ‘ಅವೆಲ್ಲವೂ’ ಎಂಬುದು ಅಡಗಿರುತ್ತಿತ್ತು. 2000ದ ದಶಕದಲ್ಲಿ ಬಂದ ‘ಖೊರ್ಲೊ’ ಎಂಬ ಸುಧಾರಣೆ ಈ ಅಡಗಿದ ಪರಿಮಾಣಗಳನ್ನು ತೆಗೆದುಹಾಕಿತು. ಈಗ ‘ಲೊ’ ಎಷ್ಟು, ಯಾವುದು ಎಂದು ತಾನಾಗಿ ಏನನ್ನೂ ಹೇಳುವುದಿಲ್ಲ.

ಆ ಹಳೆಯ ನಿಯಮ ಏಕೆ ತೊಂದರೆ ಕೊಡುತ್ತಿತ್ತು ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ನನಗೆ ಮನೆ ಬೇಕು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ: ‘ಮಿ ನಿತ್ಶು ಲೊ ಜ್ದನಿ’. ಹಳೆಯ ನಿಯಮದಂತೆ ಇದರ ಅರ್ಥ, ‘ಕಡೇಪಕ್ಷ ಒಂದು ಮನೆ ಇದೆ, ಅದೇ ನನಗೆ ಬೇಕು’. ಬಾಡಿಗೆ ಮನೆ ಹುಡುಕುತ್ತಿರುವವರು ಹೇಳುವುದು ಇದಲ್ಲ. ಅವರ ಮನಸ್ಸಿನಲ್ಲಿ ಯಾವ ಮನೆಯೂ ಇಲ್ಲ, ತಲೆಯ ಮೇಲೊಂದು ಸೂರು ಸಿಕ್ಕರೆ ಸಾಕಾಗಿದೆ. ಹೊಸ ನಿಯಮದಲ್ಲಿ ಅದೇ ವಾಕ್ಯ ನಮ್ಮ ‘ಮನೆ ಬೇಕು’ ಹೇಳುವಷ್ಟನ್ನೇ ಹೇಳುತ್ತದೆ. ಆ ಮೂಲೆಮನೆಯೇ ಬೇಕು ಎಂದಿದ್ದರೆ ‘ಲೆ ಜ್ದನಿ’.

ಹೀಗೆ ನೋಡಿದರೆ ಸುಧಾರಣೆಯ ನಂತರದ ‘ಲೊ’ ಕನ್ನಡದ ಬರಿಯ ನಾಮಪದಕ್ಕೆ ಸಮೀಪ ಬಂದಿದೆ. ‘ನಾಯಿ ಬೊಗಳುತ್ತದೆ’ ಎಂದರೆ ನಾಯಿಯ ಸ್ವಭಾವವಿರಬಹುದು, ಬೀದಿಯ ಒಂದು ನಾಯಿಯಿರಬಹುದು, ನಮ್ಮ ಮನೆಯ ನಾಯಿಯೇ ಇರಬಹುದು. ‘ಲೊ ಗೆರ್ಕು ಶು ಶ್ಮೊನಿ’ಗೂ ಅಷ್ಟೇ ಹರವು.

ಕೆಂಗೇರಿಯಿಂದ

ಹಾಗಾದರೆ ‘ಮನೆ ನೋಡಿದೆ’ ಎನ್ನುವಲ್ಲಿ ‘ಲೊ’, ‘ಮನೆಯನ್ನು ನೋಡಿದೆ’ ಎನ್ನುವಲ್ಲಿ ‘ಲೆ’ ಎಂದು ಸೂತ್ರ ಮಾಡಿಕೊಳ್ಳಬಹುದೇ? ದ್ವಿತೀಯಾ ವಿಭಕ್ತಿ ಸೇರಿದ ಕೂಡಲೇ ನಿರ್ದಿಷ್ಟವಾಗುತ್ತದೆಯಲ್ಲ.

ಸಂಪಿಗೆಮರ, ರಾಜಾಜಿನಗರ

ಆ ಸೂತ್ರ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ‘ಪುಸ್ತಕ ಹುಡುಕುತ್ತಿದ್ದೇನೆ’ ಎಂದರೆ ಯಾವುದಾದರೂ ಪುಸ್ತಕ ಎಂಬ ಅರ್ಥವೇ ಮೊದಲು ಬರುತ್ತದೆ. ‘ಪುಸ್ತಕವನ್ನು ಹುಡುಕುತ್ತಿದ್ದೇನೆ’ ಎಂದರೆ ನಿರ್ದಿಷ್ಟ ಪುಸ್ತಕ ಇರಬಹುದು, ಇರಲೇಬೇಕೆಂದಿಲ್ಲ. ‘ಒಂದು ಒಳ್ಳೆಯ ಪುಸ್ತಕವನ್ನು ಹುಡುಕುತ್ತಿದ್ದೇನೆ, ಯಾವುದಾದರೂ ಆದೀತು’ ಎಂದರೆ ಯಾರೂ ತಪ್ಪು ಎನ್ನುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ಪ್ರತ್ಯಯ ಬಿಡುವ ಹಾಗೇ ಇಲ್ಲ: ‘ವೈದ್ಯರನ್ನು ಹುಡುಕುತ್ತಿದ್ದೇನೆ’ ಎಂದೇ ಹೇಳಬೇಕು, ಅದು ಯಾರಾದರೂ ಒಬ್ಬ ವೈದ್ಯರಿರಲಿ, ನಮ್ಮ ವೈದ್ಯರೇ ಇರಲಿ. ಆದ್ದರಿಂದ ವಿಭಕ್ತಿ ನೋಡಿ ಗದ್ರಿ ಹಾಕಬೇಡಿ. ‘ನನ್ನ ಮನಸ್ಸಿನಲ್ಲಿ ಒಂದು ಗೊತ್ತಾದ ವಸ್ತು ಇದೆಯೇ?’ ಎಂದು ಕೇಳಿಕೊಳ್ಳಿ. ಇದ್ದರೆ ‘ಲೆ’ ಹಾಕಬಹುದು. ಹಾಕಲೇಬೇಕೆಂಬ ಕಡ್ಡಾಯವಂತೂ ಇಲ್ಲ, ‘ಲೊ’ ಅಲ್ಲಿಯೂ ಸಲ್ಲುತ್ತದೆ.

ಅಡ್ಡರಸ್ತೆ, ಮಲ್ಲೇಶ್ವರ

ಈಗ ಸಂಖ್ಯೆಯ ವಿಷಯ. ‘ನನಗೆ ಒಂದು ಮನೆ ಬೇಕು’ ಎನ್ನಲು ‘ಮಿ ನಿತ್ಶು ಪ ಜ್ದನಿ’ ಎಂದು ಬರೆಯುತ್ತಿದ್ದೇನೆ. ‘ಪ’ ಎಂದರೆ ಒಂದು. ಸರಿಯೇ?

ತರ್ಕಪ್ರಿಯೆ, ಜಯನಗರ

ಇಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ನೋಡೋಣ. ಗದ್ರಿಯಿಲ್ಲದೆ ಸಂಖ್ಯೆಯನ್ನು ನೇರವಾಗಿ ಪದಕ್ಕೆ ಹಚ್ಚಿದರೆ ತರ್ಕಶಾಸ್ತ್ರದ ಪರಿಮಾಣ ಶುರುವಾಗುತ್ತದೆ. ‘ಪ ಜ್ದನಿ’ ಎಂದರೆ, ‘ಒಂದೇ ಒಂದು ವಸ್ತು ಇದೆ, ಅದು ಮನೆ, ಅದು ನನಗೆ ಬೇಕು’. ಅಂದರೆ ಸುಧಾರಣೆ ಹೊರಗೆ ಹಾಕಿದ ತೊಂದರೆಯನ್ನು ನೀವೇ ಒಳಗೆ ಕರೆದಂತಾಯಿತು. ಬೇಕಾದದ್ದು ‘ಮಿ ನಿತ್ಶು ಲೊ ಪ ಜ್ದನಿ’. ಸಂಖ್ಯೆ ಗದ್ರಿಯ ನಂತರ ಬಂದಾಗ ಮಾತಾಡುತ್ತಿರುವ ವಸ್ತುಗಳು ಎಷ್ಟು ಎಂದಷ್ಟೇ ಹೇಳುತ್ತದೆ.

ಗದ್ರಿಯ ಮೊದಲು ಸಂಖ್ಯೆ ಬಂದರೆ ‘ಅವುಗಳಲ್ಲಿ ಇಷ್ಟು’. ‘ಶಿ’ ಎಂದರೆ ಮೂರು, ‘ರೆ’ ಎಂದರೆ ಎರಡು. ‘ಲೊ ಶಿ ಮ್ಲತು’ ಮೂರು ಬೆಕ್ಕುಗಳು. ‘ರೆ ಲೊ ಶಿ ಮ್ಲತು’ ಆ ಮೂರು ಬೆಕ್ಕುಗಳಲ್ಲಿ ಎರಡು. ಕನ್ನಡದಲ್ಲಿ ‘-ಗಳಲ್ಲಿ’ ಎಂದು ಬರುವ ಕಡೆ ಇಲ್ಲಿ ಸಂಖ್ಯೆ ಮೊದಲಿಗೆ ಬಂದು ಕೂರುತ್ತದೆ.

ಹಳೆಯ ನಿಯಮದಲ್ಲಿ ‘ಲೊ ಶಿ ಮ್ಲತು’ವಿಗೆ ಇದ್ದ ಅರ್ಥವೂ ತಿಳಿದಿರಲಿ: ಇಡೀ ಜಗತ್ತಿನಲ್ಲಿರುವುದೇ ಮೂರು ಬೆಕ್ಕು! ಮೂರು ಬೆಕ್ಕಿನ ಬಗ್ಗೆ ಸರಳವಾಗಿ ಮಾತಾಡಲು ಹೊರಟವರು ಜಗತ್ತಿನ ಬೆಕ್ಕುಗಳನ್ನೆಲ್ಲ ಎಣಿಸಿದಂತಾಗುತ್ತಿತ್ತು. ಸುಧಾರಣೆ ಅತ್ಯಗತ್ಯವಾಗಿತ್ತು ಎಂದು ನಾನು ನಂಬುವುದು ಇದಕ್ಕಾಗಿಯೇ.

ಕೆಂಗೇರಿಯಿಂದ

‘ಲೊಯ್’ ಎಂಬುದೂ ಒಂದಿದೆಯಲ್ಲ, ಅದು ಬಹುವಚನವೇ?

ತರ್ಕಪ್ರಿಯೆ, ಜಯನಗರ

ಬಹುವಚನವಲ್ಲ. ಲೋಜ್ಬಾನಿನಲ್ಲಿ ಏಕವಚನ, ಬಹುವಚನ ಎಂಬ ಕಡ್ಡಾಯ ಭೇದ ಇಲ್ಲವೇ ಇಲ್ಲ. ‘ಲೊಯ್’ ಹೇಳುವುದು ಒಟ್ಟುಗೂಡುವಿಕೆಯನ್ನು. ಮನೆ ಬದಲಾಯಿಸುವ ದಿನ ಮೂವರು ಸೇರಿ ಭಾರದ ಮೇಜೊಂದನ್ನು ಮೆಟ್ಟಿಲ ಮೇಲೆ ಹೊತ್ತೊಯ್ಯುತ್ತಿದ್ದಾರೆ ಎಂದುಕೊಳ್ಳಿ. ‘ಲೊ ಶಿ ಪ್ರೆನು ಶು ಬೆವ್ರಿ ಲೊ ಝುಬ್ಮೆ’ ಎಂದರೆ ಮೂವರು ಮೇಜು ಹೊತ್ತರು, ಹೇಗೆಂದು ಹೇಳಿಲ್ಲ. ‘ಲೊಯ್ ಶಿ ಪ್ರೆನು’ ಎಂದರೆ ಮೂವರೂ ಕೂಡಿ ಹೊತ್ತರು. ‘ರೊ ಲೊ ಶಿ ಪ್ರೆನು’ ಎಂದರೆ ಅವರಲ್ಲಿ ಒಬ್ಬೊಬ್ಬರೂ ಹೊತ್ತರು, ಅಂದರೆ ಮೂವರ ವಿಷಯದಲ್ಲೂ ‘ಇವರು ಹೊತ್ತರು’ ಎಂಬ ಮಾತು ಪ್ರತ್ಯೇಕವಾಗಿ ನಿಜವಾಗಬೇಕು. ಕನ್ನಡ ‘ಕೂಡಿ’ ಮತ್ತು ‘ಒಬ್ಬೊಬ್ಬರೂ’ ಎಂದು ಬೇರೆ ಪದ ಸೇರಿಸಿ ಮಾಡುವುದನ್ನು ಲೋಜ್ಬಾನ್ ಗದ್ರಿಯ ಮಟ್ಟದಲ್ಲೇ ಮುಗಿಸುತ್ತದೆ.

‘ಲೆ’ಗೂ ಇದೇ ರೀತಿ ‘ಲೆಯ್’ ಇದೆ. ಗಣಗಳಿಗೆ ‘ಲೊಹಿ’: ‘ಲೊಹಿ ರತ್ಶು ಶು ಬರ್ದ’ ಎಂದರೆ ಇಲಿಗಳ ಗಣ ದೊಡ್ಡದು, ಇಲಿಗಳು ದೊಡ್ಡವೆಂದಲ್ಲ. ಮಾದರಿ ಸಿಂಹ ಎಂಬಂಥ ಮಾತಿಗೆ ‘ಲೊಹೆ’, ಜನರ ಕಣ್ಣಿನಲ್ಲಿ ಸಿಂಹ ಎಂದರೆ ಹೀಗೆ ಎನ್ನಲು ‘ಲೆಹೆ’. ಇವು ಮಾತಿನಲ್ಲಿ ಅಪರೂಪ. ಮೊದಲ ಮೂರು ಗಟ್ಟಿಯಾದ ಮೇಲೆ ನೋಡಿದರಾಯಿತು.

ಹಳೇಪೇಟೆ, ಚಿಕ್ಕಪೇಟೆ

‘ಲ’ ಉಳಿದುಹೋಯಿತು. ಅಂಕಿತನಾಮಕ್ಕೂ ಗದ್ರಿ ಬೇಕೇ?

ಸಂಪಿಗೆಮರ, ರಾಜಾಜಿನಗರ

ಬೇಕೇ ಬೇಕು. ‘ಕಮಲ ಬಂದಳು’, ‘ಕಮಲ ಅರಳಿತು’ ಎಂಬ ಎರಡು ವಾಕ್ಯಗಳಲ್ಲಿ ಹೆಸರು ಯಾವುದು, ಹೂವು ಯಾವುದು ಎಂದು ನಮಗೆ ಕ್ರಿಯಾಪದದ ಲಿಂಗ ತಿಳಿಸುತ್ತದೆ. ಲೋಜ್ಬಾನಿನ ಕ್ರಿಯೆಗೆ ಲಿಂಗವಿಲ್ಲ. ಅಲ್ಲಿ ಹೂವಿಗೆ ‘ಖ್ರುಲ’. ‘ಲೊ ಖ್ರುಲ’ ಹೂವು, ‘ಲ ಖ್ರುಲ’ ಹೂವು ಎಂಬ ಹೆಸರಿನವರು. ಹೆಸರು ಎಂದ ಮೇಲೆ ಅರ್ಥದ ಸತ್ಯಾಸತ್ಯತೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೆಜೆಸ್ಟಿಕ್ ಎಂಬ ಹೆಸರು ಒಂದು ಚಿತ್ರಮಂದಿರದಿಂದ ಬಂದದ್ದು. ನಾವು ಇಡೀ ಬಸ್ ನಿಲ್ದಾಣವನ್ನೇ ಹಾಗೆ ಕರೆಯುತ್ತೇವೆ. ಅದು ‘ಲ’ ಹಾಕಲು ತಕ್ಕ ಜಾಗ.

ಹೊರಗಿನ ಹೆಸರುಗಳನ್ನು ತರುವಾಗ ವಾಡಿಕೆಯ ರೂಪ ವ್ಯಂಜನದಲ್ಲಿ ಮುಗಿಯಬೇಕು. ಆದ್ದರಿಂದ ಬೆಂಗಳೂರು ‘ಲ ಬೆನ್ಗಲುರ್’ ಆಗುತ್ತದೆ, ಳಕಾರ ಅಲ್ಲಿಲ್ಲ. ಹೆಸರಿನ ಎರಡೂ ಕಡೆ ಸಣ್ಣ ನಿಲುಗಡೆ ಕೊಡಬೇಕು. ಹಳೆಯ ನಿಯಮದಲ್ಲಿ ಇನ್ನೊಂದು ಕಟ್ಟಿತ್ತು: ಹೆಸರಿನೊಳಗೆ, ವ್ಯಂಜನದ ಬೆನ್ನಿಗೆ ಬಂದ ಹೊರತು, ‘ಲ’ ಎಂಬ ಧ್ವನಿ ಬರಬಾರದು. ಅದು ಗದ್ರಿಯೆಂದು ಕೇಳಿಸಿ ಹೆಸರು ಅಲ್ಲೇ ಒಡೆಯುತ್ತದೆ. ಲಕ್ಷ್ಮಿ, ಲಲಿತಾ ಎಂಬ ಹೆಸರಿನವರೆಲ್ಲ ತಮ್ಮ ಹೆಸರನ್ನು ತಿರುಚಿಕೊಳ್ಳಬೇಕಾಗಿತ್ತು. ನಿಲುಗಡೆಯನ್ನು ಕಡ್ಡಾಯವಾಗಿ ಪಾಲಿಸುವವರು ಆ ಕಟ್ಟನ್ನು ಕೈಬಿಟ್ಟಿದ್ದಾರೆ. ನಮ್ಮ ಹೆಸರುಗಳ ದೃಷ್ಟಿಯಿಂದ ಅದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಡ್ಡರಸ್ತೆ, ಮಲ್ಲೇಶ್ವರ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಕೃದಂತದ ದಾರಿ ಹಿಡಿದ ಮೇಲೆ ಗದ್ರಿಗಳು ಬೇರೆಯೇ ಆಗಿ ಕಾಣುತ್ತಿವೆ. ಮೂರು ವಾಕ್ಯ ಬರೆದಿದ್ದೇನೆ, ದಯವಿಟ್ಟು ನೋಡಿ.

‘ಲ ಬೆನ್ಗಲುರ್ ತ್ಶದು’ (ಬೆಂಗಳೂರು ಒಂದು ನಗರ).
‘ಮಿ ನಿತ್ಶು ಲೊ ಪ ಜ್ದನಿ’ (ನನಗೆ ಒಂದು ಮನೆ ಬೇಕು).
‘ಲೆ ಗೆರ್ಕು ಶಿತ್ಕ’ (ಆ ನಾಯಿ ತಿನ್ನುತ್ತಿದೆ).

ತರ್ಕಪ್ರಿಯೆ, ಜಯನಗರ

ಮೊದಲೆರಡು ಸರಿಯಾಗಿವೆ. ಮೂರನೆಯದಕ್ಕೆ ‘ಶು’ ಬೇಕು. ಗದ್ರಿ ತನ್ನ ಮುಂದೆ ಸಿಕ್ಕ ಮೂಲಪದಗಳನ್ನೆಲ್ಲ ಒಂದೇ ಗಂಟಿಗೆ ಸೇರಿಸಿಕೊಳ್ಳುತ್ತದೆ. ‘ಲೆ ಗೆರ್ಕು ಶಿತ್ಕ’ ಎಂದರೆ ‘ನಾಯಿಯಂತೆ ತಿನ್ನುವವನು’ ಎಂಬ ಒಂದೇ ವಸ್ತು ಆಗಿ, ವಾಕ್ಯ ಮುಗಿಯದೆ ನಿಲ್ಲುತ್ತದೆ. ‘ಲೆ ಗೆರ್ಕು ಶು ಶಿತ್ಕ’ ಎಂದಾಗ ‘ಶು’ ಗೆರೆ ಎಳೆದು ಇಲ್ಲಿಂದ ಮುಂದೆ ಹೇಳಿಕೆ ಎಂದು ತೋರಿಸುತ್ತದೆ. ಬೇಕಿದ್ದರೆ ‘ಲೆ ಗೆರ್ಕು ಕು ಶಿತ್ಕ’ ಎಂದು ‘ಕು’ವಿನಿಂದ ಗದ್ರಿಯ ಆವರಣವನ್ನು ಮುಚ್ಚಿದರೂ ಆಗುತ್ತದೆ. ಎರಡನೆಯ ವಾಕ್ಯದಲ್ಲಿ ಇದು ಬೇಕಾಗಲಿಲ್ಲ, ಏಕೆಂದರೆ ‘ಮಿ’ ತಾನೇ ಒಂದು ಪೂರ್ಣ ವಸ್ತು. ಮೊದಲನೆಯದರಲ್ಲಿ ವ್ಯಂಜನದಲ್ಲಿ ಮುಗಿದ ಹೆಸರು ಮತ್ತು ಅದರ ನಂತರದ ನಿಲುಗಡೆಯೇ ಗಡಿ ಹಾಕಿದೆ. ಅಲ್ಲಿ ‘ಲ ಖ್ರುಲ’ದಂಥ ಹೆಸರಿದ್ದರೆ ಮಾತ್ರ ‘ಶು’ ಬಿಡುವ ಹಾಗಿಲ್ಲ.